ಕೊಂಡಿ ಕಾಣದ ವಾದ: ಪ್ರೌಢಶಾಲೆಯಲ್ಲಿ ತರ್ಕದ ಪಾಠ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

ಗಂಡ ಹೆಂಡಿರ ಜಗಳ. ಹೆಂಡತಿ ಕ್ವೀನಿ ಸಿಟ್ಟಿನಲ್ಲಿ ಮನೆ ಬಿಟ್ಟು ಕ್ಲಬ್ಬಿನ ಪಾರ್ಟಿಗೆ ಹೋಗುತ್ತಾಳೆ. ರಾತ್ರಿ ಒಂದು ಗಂಟೆಯಾಗುವ ಹೊತ್ತಿಗೆ ಅಲ್ಲಿಂದ ಹೊರಡುತ್ತ, ಮನೆಗೆ ಬನ್ನಿ ಎಂದು ನಾಲ್ಕಾರು ಗೆಳೆಯರನ್ನೂ ಕರೆಯುತ್ತಾಳೆ. ಅವಳು ಮನೆ ಮುಟ್ಟಿದ ಹತ್ತು ನಿಮಿಷಕ್ಕೆ ಅವರೂ ಬರುತ್ತಾರೆ. ಬಾಗಿಲಲ್ಲೇ ಎದುರಾದ ಕ್ವೀನಿ ಗೋಳಾಡುತ್ತಿದ್ದಾಳೆ: ಆರ್ಥರ್ ಮತ್ತೆ ಕುಡಿಯಲೆಂದು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದ, ಲೋಟ ಇನ್ನೂ ಕೈಯಲ್ಲೇ ಇದೆ, ಜೀವ ಹೋಗಿದೆಯೇನೋ. ಮರಣೋತ್ತರ ಪರೀಕ್ಷೆಯ ವರದಿ ಎರಡೇ ಮಾತು ಹೇಳುತ್ತದೆ. ತಲೆಯ ಗಾಯದಿಂದ ಸಾವು. ಸತ್ತವನು ಕುಡಿದಿದ್ದದ್ದು ನಿಜ.

ಇದು ಅಮೆರಿಕದ ಪತ್ತೇದಾರಿ ಲೇಖಕ ಲಾರೆನ್ಸ್ ಟ್ರೀಟ್ 1981ರಲ್ಲಿ ಹೊರತಂದ ಚಿತ್ರ ಒಗಟುಗಳ ಪುಸ್ತಕದ ಒಂದು ಪುಟ. ಕಥೆಯ ಪಕ್ಕದಲ್ಲೊಂದು ಚಿತ್ರ. ಮೆಟ್ಟಿಲ ಬುಡದಲ್ಲಿ ಆರ್ಥರ್, ಕೈಯಲ್ಲಿ ಲೋಟ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುತ್ತಿದ್ದ ಜಾರ್ಜ್ ಹಿಲಾಕ್ಸ್ ಈ ಪುಟವನ್ನು ಹೈಸ್ಕೂಲು ಮಕ್ಕಳ ಮುಂದಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು. ಕ್ವೀನಿ ಹೇಳುತ್ತಿರುವುದು ನಿಜವೋ ಸುಳ್ಳೋ?

ಕ್ಲಾಸಿನಲ್ಲಿ ಗದ್ದಲ ಏಳುತ್ತದೆ. ಸುಳ್ಳು ಎನ್ನುವವರೇ ಹೆಚ್ಚು. ಯಾಕೆ ಸುಳ್ಳು? ಲೋಟ ಕೈಯಲ್ಲೇ ಇದೆಯಲ್ಲ! ಸಾಮಾನ್ಯವಾಗಿ ಮೇಷ್ಟ್ರು ಇಲ್ಲಿಗೆ ಶಭಾಷ್ ಎಂದು ಮುಂದಿನ ಬೆಂಚಿಗೆ ಹೋಗಿಬಿಡುತ್ತಾರೆ. ಅಭಿಪ್ರಾಯ ಬಂತು, ಆಧಾರ ಬಂತು, ಇನ್ನೇನು ಬೇಕು? ಹಿಲಾಕ್ಸ್ ವಿಧಾನದ ಪಾಠ ಶುರುವಾಗುವುದೇ ಅಲ್ಲಿಂದ. ಲೋಟ ಕೈಯಲ್ಲಿದ್ದರೆ ಏನಾಯಿತು? ಮಕ್ಕಳಿಗೆ ಮೊದಲು ಈ ಪ್ರಶ್ನೆ ಪೆದ್ದುಪೆದ್ದಾಗಿ ಕಾಣುತ್ತದೆ. ಅಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ಮುಖ ನೋಡುತ್ತಾರೆ. ಬಿಡದೆ ಕೇಳಿದರೆ ಯಾರೋ ಒಬ್ಬರು ಬಾಯಿ ಬಿಡುತ್ತಾರೆ. ಮೆಟ್ಟಿಲ ಮೇಲಿಂದ ಬೀಳುವವರು ಕೈಯಲ್ಲಿದ್ದದ್ದನ್ನು ಬಿಟ್ಟು ಏನನ್ನಾದರೂ ಹಿಡಿದುಕೊಳ್ಳಲು ನೋಡುತ್ತಾರೆ. ಅದುವರೆಗೆ ಎಲ್ಲರ ತಲೆಯಲ್ಲೂ ಇದ್ದು ಯಾರ ಬಾಯಲ್ಲೂ ಬರದಿದ್ದ ಮಾತು ಇದು. ಬಂದ ಮೇಲೆ ಅದನ್ನು ಹಿಡಿದು ಅಲುಗಾಡಿಸಿ ನೋಡಬಹುದು. ಎಲ್ಲರೂ ಹಾಗೆ ಮಾಡುತ್ತಾರೆಯೇ? ಕುಡಿದವನೂ ಮಾಡುತ್ತಾನೆಯೇ? ಕುಡಿದವನ ಕೈ ತಡವಾಗಿ ಓಡುತ್ತದೆ ಎಂದು ಹಿಂದಿನ ಬೆಂಚಿನವನು ತಕರಾರು ತೆಗೆಯುತ್ತಾನೆ. ಉರುಳುವಾಗ ಬಿಡದಿದ್ದರೂ ನೆಲಕ್ಕೆ ಅಪ್ಪಳಿಸಿದಾಗ ಬಿಟ್ಟೇ ಬಿಡುತ್ತಿದ್ದ ಎಂದು ಮುಂದಿನ ಬೆಂಚಿನವಳು ಉತ್ತರ ಕೊಡುತ್ತಾಳೆ. ಕೊನೆಗೆ ನಿಯಮಕ್ಕೆ ‘ಸಾಮಾನ್ಯವಾಗಿ’ ಎಂಬ ಮಾತು ಸೇರುತ್ತದೆ. ಯಾರೂ ಹೇಳಿಕೊಡದೆ, ಬೇಕಾದ್ದರಿಂದ ತಾನಾಗಿ ಸೇರಿದ ಮಾತು.

ಹಿಲಾಕ್ಸ್ 2010ರ ಒಂದು ಲೇಖನದಲ್ಲೂ ಮರುವರ್ಷದ ಪುಸ್ತಕದಲ್ಲೂ ಈ ಕ್ರಮವನ್ನು ವಿವರವಾಗಿ ಬರೆದಿಟ್ಟರು, 2014ರಲ್ಲಿ ತೀರಿಕೊಂಡರು. ಅವರ ಮುಖ್ಯ ತಕರಾರು ಇದ್ದದ್ದು ಶಾಲೆಗಳು ಹಿಡಿದಿರುವ ತಲೆಕೆಳಗಾದ ದಾರಿಯ ಬಗ್ಗೆ. ಮೊದಲು ನಿನ್ನ ನಿಲುವು ಬರೆ, ಆಮೇಲೆ ಅದಕ್ಕೆ ಮೂರು ಕಾರಣ ಹುಡುಕು ಎಂದು ಮಕ್ಕಳಿಗೆ ಹೇಳಿಕೊಡಲಾಗುತ್ತದೆ. ನಿಜವಾದ ವಿಚಾರಣೆ ಎಲ್ಲೂ ಹಾಗೆ ನಡೆಯುವುದಿಲ್ಲ. ವೈದ್ಯರಾಗಲಿ ಪೊಲೀಸರಾಗಲಿ ಮೊದಲು ಕಣ್ಣಿಗೆ ಬಿದ್ದದ್ದನ್ನು ನೋಡುತ್ತಾರೆ, ಅದರಲ್ಲಿ ಅಸಹಜವಾದದ್ದು ಕಂಡರೆ ಪ್ರಶ್ನೆ ಹುಟ್ಟುತ್ತದೆ, ನಿಲುವು ಬರುವುದು ಕೊನೆಗೆ. ನಿಲುವನ್ನು ಮೊದಲೇ ಕಟ್ಟಿಕೊಂಡ ಹುಡುಗ ಕಾರಣಗಳನ್ನು ಹುಡುಕುವುದಿಲ್ಲ, ಹೊಂದಿಸುತ್ತಾನೆ.

ಇಲ್ಲಿ ಹಿಲಾಕ್ಸ್ ನಿಂತಿದ್ದದ್ದು ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಹಾಕಿದ ಅಡಿಪಾಯದ ಮೇಲೆ. ತರ್ಕಶಾಸ್ತ್ರದ ಪಾಠಗಳಲ್ಲಿ ಬರುವ ವಾದಕ್ಕೂ ಕೋರ್ಟು ಕಚೇರಿಗಳಲ್ಲಿ ಜನ ನಿಜವಾಗಿ ಮಾಡುವ ವಾದಕ್ಕೂ ಹೋಲಿಕೆಯೇ ಇಲ್ಲ ಎಂಬುದು ಅವರ ದೂರು. ಅವರ ಉದಾಹರಣೆ ಬಲು ಸಾದಾ. ಹ್ಯಾರಿ ಬರ್ಮುಡಾದಲ್ಲಿ ಹುಟ್ಟಿದವನು, ಆದ್ದರಿಂದ ಅವನು ಬ್ರಿಟಿಷ್ ಪ್ರಜೆ. ಮೊದಲನೆಯದು ಆಧಾರ, ಎರಡನೆಯದು ನಿಲುವು. ಒಂದರಿಂದ ಇನ್ನೊಂದಕ್ಕೆ ದಾಟಿಸಿದ್ದು ಯಾವುದು? ಬರ್ಮುಡಾದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಬ್ರಿಟಿಷ್ ಪ್ರಜೆಗಳು ಎಂಬ, ಹೇಳದೆ ಉಳಿದ ನಿಯಮ. ಆ ನಿಯಮದ ಬೆನ್ನಿಗೆ ಕಾನೂನು ಇದೆ. ತಂದೆತಾಯಿ ಇಬ್ಬರೂ ಪರದೇಶದವರಾಗಿದ್ದರೆ ನಿಯಮ ನಡೆಯದು ಎಂಬ ವಿನಾಯಿತಿಯೂ ಇದೆ. ನಡುವಿನ ಈ ನಿಯಮವನ್ನು ಟೂಲ್ಮಿನ್ ವಾರಂಟ್ ಎಂದರು. ತರಗತಿಯ ಬಳಕೆಗೆ ಕೊಂಡಿ ಎಂದರೆ ಸಾಕು. ಇಂಗ್ಲೆಂಡಿನ ತತ್ವಶಾಸ್ತ್ರದ ಪಂಡಿತರು ಈ ಪುಸ್ತಕವನ್ನು ಅಷ್ಟಾಗಿ ಆದರಿಸಲಿಲ್ಲ. ಅದನ್ನು ಎತ್ತಿಕೊಂಡು ಬೆಳೆಸಿದ್ದು ಅಮೆರಿಕದಲ್ಲಿ ಭಾಷಣಕಲೆ ಮತ್ತು ಬರವಣಿಗೆ ಕಲಿಸುವ ಮೇಷ್ಟ್ರುಗಳು.

ಈ ಉಪನ್ಯಾಸ ಹೇಳಹೊರಟಿರುವುದು ಇಷ್ಟೇ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಅಭಿಪ್ರಾಯಗಳಿಗೇನೂ ಬರವಿಲ್ಲ. ಮಾಹಿತಿಗಂತೂ ಮೊಬೈಲಿನ ಕಾಲದಲ್ಲಿ ಮೊದಲೇ ಬರವಿಲ್ಲ. ಎರಡರ ನಡುವಿನ ಕೊಂಡಿಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವೊಂದೇ ಇಲ್ಲದಿರುವುದು. ತರ್ಕದ ಪಾಠವೆಂದರೆ ಬಹುಮಟ್ಟಿಗೆ ಆ ಅಭ್ಯಾಸ ಮಾಡಿಸುವುದು.

ಇದಕ್ಕಾಗಿ ಷಿಕಾಗೋದವರೆಗೆ ಹೋಗಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನ್ಯಾಯದರ್ಶನದ ಪಂಚಾವಯವ ವಾಕ್ಯ ಮಾಡುವುದೂ ಇದನ್ನೇ. ಬೆಟ್ಟದಲ್ಲಿ ಬೆಂಕಿಯಿದೆ, ಇದು ಪ್ರತಿಜ್ಞೆ. ಹೊಗೆ ಇರುವುದರಿಂದ, ಇದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಅಡುಗೆಮನೆಯಲ್ಲಿ ಇದ್ದಹಾಗೆ, ಇದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ, ಇದು ಉಪನಯ. ಆದ್ದರಿಂದ ಬೆಂಕಿಯಿದೆ, ಇದು ನಿಗಮನ. ಐದು ಯಾಕೆ, ಮೂರು ಸಾಲದೇ ಎಂಬ ಜಗಳ ಹಳೆಯದು, ಅದು ಪಂಡಿತರಿಗಿರಲಿ. ಮೇಷ್ಟ್ರುಗಳ ಕಣ್ಣಿಗೆ ಬೀಳಬೇಕಾದದ್ದು ಮೂರನೆಯ ಅವಯವ. ನೈಯಾಯಿಕರು ವ್ಯಾಪ್ತಿ ಎಂದು ಕರೆದ ಈ ನಿಯಮವನ್ನು ವಾದ ಮಾಡುವವನು ಎಲ್ಲರ ಮುಂದೆ ಹೇಳಲೇಬೇಕು. ಬರೀ ಹೇಳಿದರೂ ಸಾಲದು, ಎದುರಾಳಿಯೂ ಒಪ್ಪುವ ಒಂದು ಉದಾಹರಣೆ ಕೊಡಬೇಕು. ಅಡುಗೆಮನೆಯ ಹೊಗೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಜೊತೆಗೆ ಕೊಳದಂಥ ಎದುರು ಉದಾಹರಣೆಯನ್ನೂ ಕೊಡುತ್ತಿದ್ದರು, ಅಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ.

ಇನ್ನೂ ಚೆನ್ನಾದ ಭಾಗ ಮುಂದಿದೆ. ಈ ನಿಯಮವನ್ನು ತಿರುಗಿಸಿದರೆ ಏನಾಗುತ್ತದೆ? ಎಲ್ಲೆಲ್ಲಿ ಬೆಂಕಿಯೋ ಅಲ್ಲೆಲ್ಲ ಹೊಗೆ ಎನ್ನಬಹುದೇ? ಕೂಡದು ಎನ್ನುತ್ತದೆ ನ್ಯಾಯಶಾಸ್ತ್ರ, ಅದಕ್ಕೆ ಕೊಡುವ ಸಾಕ್ಷಿ ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಬೆಂಕಿಯಿದ್ದಲ್ಲಿ ಹೊಗೆ ಬರಬೇಕಾದರೆ ಹಸಿ ಸೌದೆಯೆಂಬ ಇನ್ನೊಂದು ಷರತ್ತು ಬೇಕು. ಆ ಷರತ್ತಿಗೆ ಉಪಾಧಿ ಎಂದು ಹೆಸರು. ಕುಲುಮೆಯನ್ನು ಕಣ್ಣಾರೆ ಕಂಡ ಹಳ್ಳಿಯ ಹುಡುಗನಿಗೆ ಇದು ಒಂದೇ ನಿಮಿಷದಲ್ಲಿ ತಲೆಗೆ ಹತ್ತುತ್ತದೆ. ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲೇ ಭಾರತೀಯ ದರ್ಶನಗಳ ಮೇಲೆ ಬರೆದ ಪುಸ್ತಕದ ಮೂಲಕ ಇಂಥದ್ದೆಲ್ಲ ಕಾಲೇಜುಗಳಿಗೆ ತಲುಪಿತು. ಹೈಸ್ಕೂಲಿಗೆ ಇಳಿಯಲಿಲ್ಲ.

ತಿರುಗಿಸಿ ಓದುವ ಈ ತಪ್ಪು ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದನ್ನು ಲಂಡನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ನಾಲ್ಕು ಕಾರ್ಡುಗಳ ಒಗಟು ತೋರಿಸಿತು. ಅದರ ಒಂದು ರೂಪ ಎನ್‌ಸಿಇಆರ್‌ಟಿ 2006ರಲ್ಲಿ ತಂದ ಒಂಬತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿದೆ. ಮೇಜಿನ ಮೇಲೆ ನಾಲ್ಕು ಕಾರ್ಡು. ಪ್ರತಿಯೊಂದರಲ್ಲೂ ಒಂದು ಮುಖದಲ್ಲಿ ಇಂಗ್ಲಿಷ್ ಅಕ್ಷರ, ಇನ್ನೊಂದರಲ್ಲಿ ಅಂಕಿ. ಮೇಲೆ ಕಾಣುತ್ತಿರುವುದು ಎ, ವಿ, 6, 5. ಒಂದು ಮುಖದಲ್ಲಿ ಸಮಸಂಖ್ಯೆ ಇದ್ದರೆ ಇನ್ನೊಂದರಲ್ಲಿ ಸ್ವರಾಕ್ಷರ ಇರಬೇಕು ಎಂಬುದು ನಿಯಮ. ನಿಯಮ ಪಾಲನೆಯಾಗಿದೆಯೇ ಎಂದು ನೋಡಲು ಯಾವ ಯಾವ ಕಾರ್ಡು ತಿರುಗಿಸಲೇಬೇಕು? ಹೆಚ್ಚಿನವರ ಕೈ 6ರ ಕಡೆಗೂ ಎ ಕಡೆಗೂ ಹೋಗುತ್ತದೆ. 6 ಸರಿ. ಎ ತಿರುಗಿಸಿ ಪ್ರಯೋಜನವಿಲ್ಲ, ಏಕೆಂದರೆ ಸ್ವರದ ಹಿಂದೆ ಬೆಸಸಂಖ್ಯೆ ಇರಬಾರದು ಎಂದು ನಿಯಮ ಎಲ್ಲೂ ಹೇಳಿಲ್ಲ. ತಿರುಗಿಸಬೇಕಾದದ್ದು ವಿ. ಅದರ ಹಿಂದೆ ಸಮಸಂಖ್ಯೆ ಸಿಕ್ಕರೆ ನಿಯಮ ಮುರಿದುಬಿತ್ತು. ವೇಸನ್ ಮತ್ತು ಜಾನ್ಸನ್-ಲೇರ್ಡ್ 1970ರಲ್ಲಿ ಒಟ್ಟುಗೂಡಿಸಿ ಕೊಟ್ಟ ಫಲಿತಾಂಶದಲ್ಲಿ ಇಂಥದೇ ಒಗಟು ಎದುರಿಸಿದ 128 ಮಂದಿಯ ಪೈಕಿ ಸರಿಯಾದ ಎರಡನ್ನೇ ಆರಿಸಿದವರು ಐದು ಜನ. ಓದುಬರಹ ಇಲ್ಲದವರ ಲೆಕ್ಕವಲ್ಲ ಇದು.

ಇಷ್ಟು ಒಳ್ಳೆಯ ಒಗಟು ಆ ಪುಸ್ತಕದಲ್ಲಿ ಇರುವುದು ಎಲ್ಲಿ? ಪಾಠಗಳೆಲ್ಲ ಮುಗಿದ ಮೇಲಿನ ಅನುಬಂಧದಲ್ಲಿ. ಪರೀಕ್ಷೆಗೆ ಬಾರದ ಅನುಬಂಧಕ್ಕೆ ನಮ್ಮ ಶಾಲೆಗಳಲ್ಲಿ ಏನು ಗತಿ ಎಂದು ವಿವರಿಸಬೇಕಿಲ್ಲ.

ಅದೇ ಒಗಟನ್ನು ಬಸ್ಸಿಗೆ ಹತ್ತಿಸಿ ನೋಡಬಹುದು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. (ಲಿಂಗತ್ವ ಅಲ್ಪಸಂಖ್ಯಾತರಿಗೂ ಈ ಸೌಲಭ್ಯ ಇದೆ, ಲೆಕ್ಕ ಸರಳವಾಗಲೆಂದು ಇಲ್ಲಿ ಬಿಟ್ಟಿದೆ.) ಚೆಕಿಂಗ್ ಇನ್ಸ್‌ಪೆಕ್ಟರ್ ಬಸ್ಸು ಹತ್ತುತ್ತಾರೆ. ಒಬ್ಬರ ಕೈಯಲ್ಲಿ ಶೂನ್ಯ ಟಿಕೆಟ್ ಕಾಣುತ್ತಿದೆ, ಮುಖ ಕಾಣುತ್ತಿಲ್ಲ. ಇನ್ನೊಬ್ಬರ ಕೈಯಲ್ಲಿ ದುಡ್ಡು ಕೊಟ್ಟ ಟಿಕೆಟ್, ಅವರ ಮುಖವೂ ಕಾಣುತ್ತಿಲ್ಲ. ಮೂರನೆಯವರು ಹೆಂಗಸು, ನಾಲ್ಕನೆಯವರು ಗಂಡಸು. ಇಬ್ಬರ ಟಿಕೆಟ್ಟೂ ಜೇಬಿನಲ್ಲಿದೆ. ಶೂನ್ಯ ಟಿಕೆಟ್ ದುರುಪಯೋಗ ಪತ್ತೆ ಹಚ್ಚಲು ಯಾರನ್ನು ವಿಚಾರಿಸಬೇಕು? ದಿನಾ ಬಸ್ಸಿನಲ್ಲಿ ಓಡಾಡುವ ಯಾವ ಹುಡುಗಿಯೂ ಇಲ್ಲಿ ಎಡವುವುದು ಕಷ್ಟ. ಶೂನ್ಯ ಟಿಕೆಟಿನವರನ್ನು ನೋಡಬೇಕು, ಗಂಡಸಿನ ಟಿಕೆಟ್ ನೋಡಬೇಕು. ಹೆಂಗಸು ದುಡ್ಡು ಕೊಟ್ಟೇ ಹೋಗುತ್ತೇನೆ ಎಂದರೆ ಇನ್ಸ್‌ಪೆಕ್ಟರಿಗೇನು ಕಷ್ಟ? ತರ್ಕದ ಆಕಾರ ಕಾರ್ಡಿನದೇ, ಕೂದಲೆಳೆಯಷ್ಟೂ ಬದಲಾಗಿಲ್ಲ. ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಸಂಶೋಧಕರು 1982ರಲ್ಲಿ ಫ್ಲಾರಿಡಾದ ವಿದ್ಯಾರ್ಥಿಗಳ ಮೇಲೆ ಇಂಥದೇ ಪರೀಕ್ಷೆ ನಡೆಸಿದ್ದರು. ಅವರದು ಬಿಯರ್ ಕುಡಿಯುವವರ ವಯಸ್ಸಿನ ನಿಯಮ. ಸರಿಯುತ್ತರ ಕೊಟ್ಟವರು ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ ಹತ್ತಿರ.

ಇದರಿಂದ ಮೇಷ್ಟ್ರುಗಳು ತೆಗೆದುಕೊಳ್ಳಬೇಕಾದ ಪಾಠ ತುಸು ನಾಜೂಕಿನದು. ಪಿ ಮತ್ತು ಕ್ಯೂ ಎಂಬ ಅಕ್ಷರಗಳನ್ನು ಹಲಗೆಯ ಮೇಲೆ ಬರೆದು ತರ್ಕ ಕಲಿಸಿದರೆ ಅದು ಹಲಗೆಯ ಮೇಲೇ ಉಳಿಯುತ್ತದೆ. ಮಕ್ಕಳಿಗೆ ಒಳಹೊರಗು ಗೊತ್ತಿರುವ ವಿಷಯದಿಂದಲೇ ಶುರುಮಾಡಬೇಕು. ಹಾಗೆಂದು ಗೊತ್ತಿರುವುದರಲ್ಲೇ ನಿಂತುಬಿಟ್ಟರೂ ಆಗದು. ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಗ್ಸಾಂಡರ್ ಲೂರಿಯಾ 1931 ಮತ್ತು 1932ರಲ್ಲಿ ಮಧ್ಯ ಏಷ್ಯಾದ ಉಜ್ಬೇಕ್ ಹಳ್ಳಿಗಳಿಗೆ ಹೋಗಿ ಶಾಲೆ ಕಾಣದ ರೈತರನ್ನು ಕೇಳಿದ ಕರಡಿಯ ಪ್ರಶ್ನೆ ಇದಕ್ಕೆ ಪ್ರಸಿದ್ಧ ನಿದರ್ಶನ. ಹಿಮ ಬೀಳುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಇರುವುದು ಅಲ್ಲೇ. ಅಲ್ಲಿನ ಕರಡಿಯ ಬಣ್ಣ ಯಾವುದು? ತಾನು ಕಂಡದ್ದು ಕಪ್ಪು ಕರಡಿ, ಕಾಣದ್ದರ ಬಗ್ಗೆ ಹೇಳಲಾರೆ ಎಂಬ ಧಾಟಿಯ ಉತ್ತರ ಬಂತು. ಅಲ್ಲಿಗೆ ಹೋಗಿ ಬಂದ, ವಯಸ್ಸಾದ, ನಂಬಿಕಸ್ತ ಮನುಷ್ಯ ಹೇಳಿದರೆ ನಂಬಬಹುದು ಎಂದೂ ಸೇರಿತು. ಈ ಸಂಶೋಧನೆ ಪುಸ್ತಕವಾಗಿ ಹೊರಬರಲು 1974ರವರೆಗೆ ಕಾಯಬೇಕಾಯಿತು. ರೈತರಿಗೆ ತರ್ಕ ಬರುವುದಿಲ್ಲ ಎಂದು ಇದನ್ನು ಓದಿದವರುಂಟು, ಅದು ಅವಸರದ ಓದು. ಕಾಣದ್ದನ್ನು ಹೇಳಬಾರದು, ನಾನು ಕಂಡಿಲ್ಲ, ಆದ್ದರಿಂದ ಹೇಳಲಾರೆ: ಇದು ಸೊಟ್ಟಿಲ್ಲದ ಅನುಮಾನ. ಅವರು ನಿರಾಕರಿಸಿದ್ದು ಪ್ರಶ್ನೆ ಕೇಳಿದವನ ಆಧಾರವಾಕ್ಯವನ್ನು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಆ ಮಾತು ಆಪ್ತವಾಕ್ಯ, ಅಂದರೆ ನಂಬತಕ್ಕವರ ಮಾತು, ಹೌದೋ ಅಲ್ಲವೋ ಎಂಬುದು ಅವರ ಸಂದೇಹವಾಗಿತ್ತು. ಸದ್ಯಕ್ಕೆ ಒಪ್ಪಿಕೊಂಡು ನೋಡೋಣ, ಏನು ಬರುತ್ತದೋ ನೋಡೋಣ ಎಂಬ ಆಟ ಮಾತ್ರ ಶಾಲೆಯಲ್ಲಿ ಕಲಿಯುವಂಥದು. ಮಕ್ಕಳಿಗೆ ಎರಡೂ ಬೇಕು. ಆಧಾರವಾಕ್ಯವನ್ನು ಒಪ್ಪಿಕೊಂಡು ಮುಂದೆ ನಡೆಯುವುದೂ ಬೇಕು, ಯಾರು ಹೇಳಿದ್ದು ಎಂದು ಆ ರೈತನಂತೆ ತಡೆದು ಕೇಳುವುದೂ ಬೇಕು. ವಾಟ್ಸ್ಆ್ಯಪ್ ಫಾರ್ವರ್ಡುಗಳ ಈ ಹೊತ್ತಿನಲ್ಲಿ ಎರಡನೆಯದಕ್ಕೇ ಬೆಲೆ ಹೆಚ್ಚು.

ದೊಡ್ಡವರು ಇದರಲ್ಲಿ ಮಕ್ಕಳಿಗಿಂತ ಮೇಲಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಿಯಾನಾ ಕೂನ್ ಹದಿಹರೆಯದವರಿಂದ ಅರವತ್ತು ದಾಟಿದವರವರೆಗೆ 160 ಮಂದಿಯನ್ನು ಕೂರಿಸಿಕೊಂಡು ಮೂರು ವಿಷಯ ಕೇಳಿದರು. ಜೈಲಿನಿಂದ ಬಂದವರು ಮತ್ತೆ ಅಪರಾಧ ಮಾಡುವುದೇಕೆ, ಮಕ್ಕಳು ಶಾಲೆಯಲ್ಲಿ ಹಿಂದೆ ಬೀಳುವುದೇಕೆ, ನಿರುದ್ಯೋಗಕ್ಕೆ ಕಾರಣವೇನು? ಕಾರಣ ಹೇಳಲು ಯಾರೂ ತಡಬಡಾಯಿಸಲಿಲ್ಲ. ಅದೇ ಕಾರಣ ಎಂದು ತೋರಿಸುವುದು ಹೇಗೆ ಎಂದು ಕೇಳಿದಾಗ ಅನೇಕರು ಕೊಟ್ಟದ್ದು ಪುರಾವೆಯನ್ನಲ್ಲ, ಕಥೆಯನ್ನು. ಮನೆಯಲ್ಲಿ ನೆಮ್ಮದಿ ಇಲ್ಲ, ಮಗುವಿನ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಅಂಕ ಬರುವುದಿಲ್ಲ ಎಂಬ ರೀತಿಯ, ಹೀಗೂ ಆಗಬಹುದು ಎನಿಸುವ ಕಥೆ. ಹೀಗೆ ಆಗಬಹುದು ಎಂಬುದಕ್ಕೂ ಹೀಗೇ ಆಗಿದೆ ಎಂಬುದಕ್ಕೂ ನಡುವಿನ ಅಂತರ ಅವರ ಗಮನಕ್ಕೇ ಬರಲಿಲ್ಲ. ಕೂನ್ ಇದನ್ನು ಹುಸಿ ಪುರಾವೆ ಎಂದು ಗುರುತಿಸಿದರು. ಅವರ ಪುಸ್ತಕ ಬಂದದ್ದು 1991ರಲ್ಲಿ. ವಯಸ್ಸು ಈ ಕೊರತೆಯನ್ನು ತುಂಬುವುದಿಲ್ಲ ಎಂಬುದು ಅದರ ಕಹಿಯಾದ ಮಾತು. ಅರವತ್ತರವರು ಹದಿನೈದರವರಿಗಿಂತ ಮುಂದಿರಲಿಲ್ಲ, ವ್ಯತ್ಯಾಸ ತಂದದ್ದು ಓದಿನ ಮಟ್ಟ.

ಅನಂತರ ಕೂನ್ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಒಂದು ಶಾಲೆಯಲ್ಲಿ ಮೂರು ವರ್ಷದ ಪ್ರಯೋಗಕ್ಕೆ ಇಳಿದರು. ಒಂದೇ ನಿಲುವಿನ ಇಬ್ಬರು ಮಕ್ಕಳು ಒಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ, ವಿರುದ್ಧ ನಿಲುವಿನ ಇಬ್ಬರು ಇನ್ನೊಂದರ ಮುಂದೆ. ವಾದ ನಡೆಯುವುದು ಬರೆದು. ಉತ್ತರಿಸುವ ಮೊದಲು ಜೊತೆಗಾರನೊಡನೆ ಮಾತಾಡಿಕೊಳ್ಳಬೇಕು, ಎದುರಾಳಿ ಬರೆದದ್ದು ಪರದೆಯ ಮೇಲೆ ಉಳಿದೇ ಇರುತ್ತದೆ, ಕಿವಿಗೆ ಹಾಕಿಕೊಳ್ಳದೆ ಜಾರಿಕೊಳ್ಳುವಂತಿಲ್ಲ. ಮೊದಮೊದಲು ಮಕ್ಕಳು ತಮ್ಮ ಮಾತನ್ನೇ ಹೇಳಿಕೊಂಡು ಹೋಗುತ್ತಿದ್ದರು. ಬರಬರುತ್ತ ಎದುರಿನ ಮಾತನ್ನು ಹಿಡಿದು ಅದಕ್ಕೇ ಉತ್ತರ ಕೊಡಲು ಕಲಿತರು. ಕೂನ್ ಮತ್ತು ಕ್ರೋವೆಲ್ 2011ರಲ್ಲಿ ಪ್ರಕಟಿಸಿದಂತೆ, ಮೇಷ್ಟ್ರ ನೇತೃತ್ವದ ಇಡೀ ತರಗತಿಯ ಚರ್ಚೆಯಲ್ಲಿ ಬೆಳೆದು ಹೆಚ್ಚು ಪ್ರಬಂಧ ಬರೆದ ಮಕ್ಕಳಿಗಿಂತ, ಹೀಗೆ ಜೋಡಿಯಾಗಿ ವಾದಿಸಿದ ಮಕ್ಕಳು ಹೊಸ ವಿಷಯದ ಪ್ರಬಂಧದಲ್ಲೂ ಎರಡು ಕಡೆಯನ್ನೂ ತೂಗಿ ಬರೆದರು. ಈ ವಿಷಯ ತೀರ್ಮಾನಿಸಲು ಇನ್ನೇನು ತಿಳಿಯಬೇಕು ಎಂದು ಕೇಳಿದಾಗ ಹೆಚ್ಚು ಪ್ರಶ್ನೆ ಪಟ್ಟಿ ಮಾಡಿದವರೂ ಅವರೇ.

ಈಗ ನಮ್ಮ ಚರ್ಚಾ ಸ್ಪರ್ಧೆಯ ವೇದಿಕೆಗೆ ಬರೋಣ. ಪ್ರತಿಭಾ ಕಾರಂಜಿಯಿಂದ ಹಿಡಿದು ರೋಟರಿ ಹಾಲ್‌ವರೆಗೆ ದೃಶ್ಯ ಒಂದೇ. ಮೊಬೈಲ್ ವರವೋ ಶಾಪವೋ. ಪರ ಮಾತಾಡುವವರು ಪರ ಮಾತಾಡಿ ಕೂರುತ್ತಾರೆ, ವಿರೋಧ ಮಾತಾಡುವವರು ವಿರೋಧ ಮಾತಾಡಿ ಕೂರುತ್ತಾರೆ. ಮನೆಯಲ್ಲೋ ಸ್ಟಾಫ್‌ರೂಮಿನಲ್ಲೋ ಯಾರೋ ಬರೆದುಕೊಟ್ಟದ್ದು ಬಾಯಿಪಾಠವಾಗಿ ಬಂದಿರುತ್ತದೆ. ಎದುರಾಳಿ ಏನು ಹೇಳಿದರೂ ಅದರ ಒಂದಕ್ಷರ ಬದಲಾಗದು. ಗಾದೆಗೆ ಅಂಕ, ವಚನಕ್ಕೆ ಅಂಕ, ನಿರರ್ಗಳತೆಗೆ ಅಂಕ, ಸಮಯ ಪಾಲನೆಗೆ ಅಂಕ. ಹಿಂದಿನವನ ಮಾತಿನ ಯಾವ ಕೊಂಡಿಯನ್ನು ಇವನು ಕಳಚಿದ ಎಂದು ನೋಡುವ ಕಲಮು ತೀರ್ಪುಗಾರರ ಹಾಳೆಯಲ್ಲಿ ಇರುವುದೇ ಅಪರೂಪ. ಇದು ಮಾತಿನ ತರಬೇತಿ, ಅದಕ್ಕೊಂದು ಬೆಲೆ ಇದೆ. ಚರ್ಚೆ ಎಂದು ಕರೆಯುವುದು ಮಾತ್ರ ಜಾಸ್ತಿಯಾಯಿತು. ಪ್ರಬಂಧದ ಕಥೆಯೂ ಬೇರೆಯಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಗೂಡುಗಳು ಮೊದಲೇ ಸಿದ್ಧ, ಹುಡುಗ ತುಂಬುತ್ತ ಹೋಗಬೇಕು. ಹಿಲಾಕ್ಸ್ ಅಮೆರಿಕದ ಐದು ರಾಜ್ಯಗಳ ಬರವಣಿಗೆಯ ಪರೀಕ್ಷೆಗಳನ್ನು ಜಾಲಾಡಿ 2002ರಲ್ಲಿ ಪುಸ್ತಕ ಬರೆದಾಗ ಅಲ್ಲಿನ ಐದು ಪ್ಯಾರಾ ಪ್ರಬಂಧದ ಬಗ್ಗೆ ಇಂಥದೇ ದೂರು ಹೇಳಿದ್ದರು. ಕೈಯಲ್ಲಿ ಮಾಹಿತಿ ಇಲ್ಲದೆ, ಹೊತ್ತೂ ಇಲ್ಲದೆ ಬರೆಸಿದರೆ ಮಕ್ಕಳು ಹಾರಿಕೆಯ ಮಾತು ಬರೆಯದೆ ಇನ್ನೇನು ಬರೆದಾರು?

ಎದುರಾಳಿಯ ಮಾತು ಹಿಡಿದು ಉತ್ತರಿಸುವ ಕಲೆಗೆ ಕನ್ನಡದಲ್ಲಿ ನೆಲೆ ಇಲ್ಲವೇ? ಕರಾವಳಿಯಲ್ಲಿ ಇದೆ, ಅದೂ ಭರ್ಜರಿಯಾಗಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಎದುರುಬದುರು ಕುಳಿತ ಅರ್ಥಧಾರಿಗಳ ಮಾತೇ ಎಲ್ಲ, ಅದೂ ಅಲ್ಲಲ್ಲೇ ಹುಟ್ಟಬೇಕಾದ ಮಾತು. ವಾಲಿಯ ಪ್ರಸಂಗ ತೆಗೆದುಕೊಳ್ಳಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮಾತು ಕೇಳಿದ ಹಿರಿಯರು ಈಗಲೂ ಅದನ್ನು ಎತ್ತಿ ಆಡುತ್ತಾರೆ. ಬಾಣ ತಗುಲಿ ಬಿದ್ದ ವಾಲಿಯ ಪ್ರಶ್ನೆ ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲೇ ಇದೆ. ಬೇರೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಬೇಟೆ ಎನ್ನುತ್ತೀಯೇನೋ ಎಂದು ಮುಂಚೆಯೇ ಊಹಿಸಿ ಆ ದಾರಿಯನ್ನೂ ವಾಲಿ ಮುಚ್ಚುತ್ತಾನೆ. ಕಪಿಯ ಚರ್ಮ ಬಳಕೆಗೆ ಬಾರದು, ಮಾಂಸ ತಿನ್ನುವಂಥದಲ್ಲ. ರಾಮ ಕೊಡುವ ಉತ್ತರಗಳಲ್ಲಿ ಎರಡು ಮುಖ್ಯ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ ನೀನು ಧರ್ಮ ಮೀರಿದವನು, ಭರತನ ಆಳ್ವಿಕೆಯ ಪರವಾಗಿ ದಂಡಿಸಿದ್ದೇನೆ. ಇನ್ನೊಂದು: ನೀನು ಮೃಗ, ರಾಜರು ಮೃಗಗಳನ್ನು ಮರೆಯಿಂದಲೂ ಹೊಡೆಯುತ್ತಾರೆ.

ಹತ್ತನೆಯ ತರಗತಿಯ ಹುಡುಗಿಗೆ ಈ ಎರಡು ಉತ್ತರಗಳ ಕೊಂಡಿಗಳನ್ನು ಬಿಡಿಸಿ ಬರೆಯಲು ಹೇಳಿ. ಮೊದಲನೆಯದರ ಕೊಂಡಿ, ವಿವಾಹದ ಧರ್ಮ ವಾಲಿಗೂ ಅನ್ವಯಿಸುತ್ತದೆ ಎಂಬುದು. ಎರಡನೆಯದರ ಕೊಂಡಿ, ವಾಲಿ ಬರೀ ಮೃಗ, ಯುದ್ಧಧರ್ಮ ಅವನಿಗೆ ಅನ್ವಯಿಸುವುದಿಲ್ಲ ಎಂಬುದು. ಪಕ್ಕಪಕ್ಕದಲ್ಲಿಟ್ಟರೆ ತಿಕ್ಕಾಟ ತಾನಾಗಿ ಕಾಣುತ್ತದೆ. ಮೃಗಕ್ಕೆ ಅತ್ತಿಗೆ ನಾದಿನಿ ಎಂಬ ಕಟ್ಟಳೆ ಎಲ್ಲಿಯದು? ಕಟ್ಟಳೆ ಉಂಟು ಎಂದ ಮೇಲೆ ಬೇಟೆಯ ಮಾತೆಲ್ಲಿಯದು? ವಾಲಿಯ ಅರ್ಥಧಾರಿಗೆ ಇದು ಸಿಕ್ಕ ಸಂಧಿ. ರಾಮನ ಅರ್ಥಧಾರಿಯೂ ಸುಮ್ಮನಿರುವವನಲ್ಲ. ಮೃಗವೆಂದರೂ ನಿನಗೆ ದಾರಿಯಿಲ್ಲ, ಧರ್ಮ ತಿಳಿದವನೆಂದರೂ ದಾರಿಯಿಲ್ಲ, ಯಾವುದನ್ನು ಒಪ್ಪಿಕೊಳ್ಳುತ್ತೀಯೋ ನೀನೇ ಆರಿಸಿಕೋ ಎಂದು ಎರಡನ್ನೂ ಕವಲಿನಂತೆ ಮುಂದಿಡಬಹುದು. ಆಗ ವಿರೋಧ ಇದ್ದಲ್ಲಿ ವಿಕಲ್ಪ ಬರುತ್ತದೆ, ವಾದ ಗಟ್ಟಿಯಾಗುತ್ತದೆ. ಇದು ಭಕ್ತಿಗೆ ಕುಂದು ತರುವ ಕೆಲಸವಲ್ಲ. ಭಕ್ತಿಯಿಂದ ಕೂತ ಸಭೆಯೇ ರಾತ್ರಿಯಿಡೀ ಈ ವಾದವನ್ನು ಸವಿದಿದೆ. ಮಂಗಳೂರು, ಉಡುಪಿ, ಕಾಸರಗೋಡಿನ ಶಾಲೆಗಳಿಗೆ ತರ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಹೊರಗಿನಿಂದ ಬರಬೇಕಿಲ್ಲ.

ಬೇರೆ ವಿವರಣೆಗೆ ಜಾಗವಿಲ್ಲದಂತೆ ಪರೀಕ್ಷೆಯನ್ನು ಹೂಡುವುದು ಹೇಗೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಸಂಗ ಉಂಟು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಸಿಗಲಿಲ್ಲ. ಬೂದಿ, ಉಂಗುರ ಬೇಡ, ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲನ್ನು ಜನ ತಮಾಷೆಯೆಂದು ನೆನಪಿಟ್ಟುಕೊಂಡಿದ್ದಾರೆ. ತಮಾಷೆಯ ಒಳಗಿನ ಲೆಕ್ಕ ಬಿಗಿಯಾದದ್ದು. ಉಂಗುರ ಮುಷ್ಟಿಯಲ್ಲಿ ಅಡಗುತ್ತದೆ, ಆದ್ದರಿಂದ ಉಂಗುರ ಬಂದರೆ ಎರಡು ವಿವರಣೆಗಳು ಉಳಿಯುತ್ತವೆ. ಕುಂಬಳಕಾಯಿ ಅಡಗುವುದಿಲ್ಲ. ವಿಷಯ ಸೂಕ್ಷ್ಮವೆಂದು ಕಂಡರೆ ಶಾಲೆಯಲ್ಲಿ ಹೆಸರುಗಳನ್ನು ಬಿಟ್ಟು ಇದೇ ಲೆಕ್ಕವನ್ನು ಇಸ್ಪೀಟಿನ ಮ್ಯಾಜಿಕ್ಕಿನಲ್ಲಿ ಮಾಡಿಸಬಹುದು.

ಬೇರೆ ವಿವರಣೆ ಎಷ್ಟು ಸುಲಭವಾಗಿ ನುಸುಳುತ್ತದೆ ಎಂಬುದಕ್ಕೆ ಶಾಲೆಯ ಹಾಜರಿ ಪುಸ್ತಕವೇ ಸಾಕು. ಬಿಸಿಯೂಟದಲ್ಲಿ ಮೊಟ್ಟೆ ಕೊಟ್ಟರೆ ಹಾಜರಿ ಏರುತ್ತದೆ ಎಂದು ಒಂದು ತರಗತಿ ವಾದಿಸುತ್ತದೆ ಎನ್ನೋಣ. ಕರ್ನಾಟಕದಲ್ಲಿ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನಕ್ಕೆ ವಿಸ್ತರಣೆಯಾಯಿತು; ಬೇಡವೆಂದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. ಎರಡೇ ದಿನ ಇದ್ದಾಗ ಮೊಟ್ಟೆಯ ದಿನವನ್ನೂ ಉಳಿದ ದಿನವನ್ನೂ ಒಂದೇ ವಾರದೊಳಗೆ ಹೋಲಿಸಬಹುದಿತ್ತು. ಆರೂ ದಿನ ಸಿಗುವಲ್ಲಿ ಹೋಲಿಕೆಗೆ ದಿನವೇ ಉಳಿಯಲಿಲ್ಲ. ಹಿಂದಿನ ವರ್ಷದ ರಿಜಿಸ್ಟರಿನೊಂದಿಗೆ ಹೋಲಿಸಬೇಕು. ಹಾಗೆ ಹೋಲಿಸಿದರೆ ಆ ವರ್ಷದ ಮಳೆ, ಊರಹಬ್ಬ, ಜ್ವರ, ಹೊಸ ಹೆಡ್‌ಮೇಷ್ಟ್ರು ಎಲ್ಲ ಒಳಗೆ ಬರುತ್ತವೆ. ಮೊಟ್ಟೆ ಕೊಟ್ಟ ಮೇಲೆ ಹಾಜರಿ ಏರಿತು ಎಂಬುದರಿಂದ ಮೊಟ್ಟೆಯಿಂದ ಏರಿತು ಎಂಬಲ್ಲಿಗೆ ದಾಟುವ ಕೊಂಡಿ ಎಷ್ಟು ಸಡಿಲ ಎಂದು ಮಕ್ಕಳಿಗೆ ಕೈಯಾರೆ ತಿಳಿಯುತ್ತದೆ. ರಿಜಿಸ್ಟರು ಬೀರುವಿನಲ್ಲೇ ಇದೆ, ಖರ್ಚಿಲ್ಲ.

ಖರ್ಚಿಗಿಂತ ದೊಡ್ಡ ಅಡ್ಡಿ ಒಂದಿದೆ. ಲೋಟ ಕೈಯಲ್ಲಿದ್ದರೆ ಏನಾಯಿತು ಎಂಬಂತೆ ಕೇಳಲು ಕಲಿತ ಮಗು ಆ ಪ್ರಶ್ನೆಯನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ಹೋಗುವುದಿಲ್ಲ. ಮನೆಯಲ್ಲಿ ಅದಕ್ಕೆ ಎದುರುತ್ತರ ಎಂದು ಹೆಸರು, ಸ್ಟಾಫ್‌ರೂಮಿನಲ್ಲಿ ಅಧಿಕಪ್ರಸಂಗ. ನ್ಯಾಯಸೂತ್ರ ಮಾತುಕತೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ತಿಳಿಯಲೆಂದು ಮಾಡುವುದು ವಾದ, ಗೆಲ್ಲಲೆಂದು ಮಾಡುವುದು ಜಲ್ಪ, ತನ್ನದೊಂದು ನಿಲುವೂ ಇಲ್ಲದೆ ಎದುರಿನವನನ್ನು ಕೆಡಹುವುದಷ್ಟೇ ವಿತಂಡ. ರಾತ್ರಿ ಒಂಬತ್ತರ ಟಿವಿ ಚರ್ಚೆಯನ್ನು ಎಲ್ಲಿ ಸೇರಿಸಬೇಕೆಂದು ಮಕ್ಕಳೇ ಹೇಳಬಲ್ಲರು. ವಿತಂಡವಾದಿಯಾದೀಯೆ ಎಂದು ಗದರುವ ಬದಲು ಮೂರರ ವ್ಯತ್ಯಾಸ ತೋರಿಸಿದರೆ, ಮಗು ತನ್ನ ಮಾತನ್ನೇ ಯಾವ ಪಟ್ಟಿಗೆ ಹಾಕಬೇಕೆಂದು ನೋಡಿಕೊಳ್ಳುತ್ತದೆ.

ಪಠ್ಯ ಬದಲಾಗಲಿ, ಆಮೇಲೆ ನೋಡೋಣ ಎನ್ನುವವರು ಬಹಳ ಮಂದಿ. ಸುಮಾರು ಎಂಟು ಲಕ್ಷ ಮಕ್ಕಳು ಬರೆಯುವ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮಾದರಿ ಉತ್ತರದ ಹಾಳೆಯನ್ನು ದಾಟಿ ಅಂಕ ಕೊಡುವುದು ಮೌಲ್ಯಮಾಪಕರಿಗೆ ಕಷ್ಟ, ಅದು ನಿಜ. ಆದರೆ 20 ಆಂತರಿಕ ಅಂಕಗಳು, ಅವುಗಳ ಹಿಂದಿನ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳು ಮೇಷ್ಟ್ರ ಕೈಯಲ್ಲೇ ಇವೆ. ಚಾರ್ಟ್ ಅಂಟಿಸುವುದಕ್ಕೂ ಚಿತ್ರ ಕತ್ತರಿಸುವುದಕ್ಕೂ ಹೋಗುತ್ತಿರುವ ಆ ಅಂಕಗಳಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ಎತ್ತಿಡಬಹುದು. ಒಂದು ಪುಟದ ಮಾಹಿತಿ ಕೊಡಬೇಕು. ಊರಿನ ಮಳೆಯ ಲೆಕ್ಕವೋ, ಬಸ್ಸಿನ ವೇಳಾಪಟ್ಟಿಯೋ, ಗ್ರಾಮ ಪಂಚಾಯಿತಿಯ ನೀರಿನ ಬಿಲ್ಲೋ. ಅದರಿಂದ ಒಂದು ನಿಲುವು ಬರೆದವನಿಗೆ ಒಂದು ಅಂಕ, ಆಧಾರ ತೋರಿಸಿದವನಿಗೆ ಒಂದು, ಕೊಂಡಿಯನ್ನು ಪೂರ್ಣ ವಾಕ್ಯದಲ್ಲಿ ಬರೆದವನಿಗೆ ಎರಡು, ಆ ಕೊಂಡಿ ಎಲ್ಲಿ ಕಳಚೀತು ಎಂದು ತಾನೇ ಹೇಳಿದವನಿಗೆ ಇನ್ನೊಂದು. ಅರವತ್ತು ಮಕ್ಕಳ ತರಗತಿಯಲ್ಲಿ ಇಷ್ಟನ್ನೆಲ್ಲ ಒಬ್ಬರೇ ತಿದ್ದಲಾಗದು ಎಂಬ ಆಕ್ಷೇಪ ಬಂದೇ ಬರುತ್ತದೆ. ಹಾಳೆಗಳನ್ನು ಅದಲುಬದಲು ಮಾಡಿ, ನಾಲ್ಕನೆಯ ಅಂಶವನ್ನು ಪಕ್ಕದ ಬೆಂಚಿನವರಿಂದಲೇ ಬರೆಸಬಹುದು. ಇನ್ನೊಬ್ಬರ ವಾದದ ಸಡಿಲು ಕೊಂಡಿ ಕಾಣುವಷ್ಟು ಬೇಗ ತನ್ನದು ಕಾಣುವುದಿಲ್ಲ, ಹಾರ್ಲೆಮ್ಮಿನ ಜೋಡಿಗಳಿಂದ ಕೆಲಸ ಮಾಡಿಸಿಕೊಂಡದ್ದೂ ಅದೇ. ಮೇಷ್ಟ್ರು ದಿನಕ್ಕೆ ಹತ್ತು ಹಾಳೆ ನೋಡಿದರೆ ವಾರದೊಳಗೆ ಮುಗಿಯುತ್ತದೆ.